ನಮ್ಮ ಮನೆಯ ಒಕ್ಕಲಗಿತ್ತಿ

ಒಕ್ಕಲುತನದ ಈ ಪುಟದಲ್ಲಿ ವಾಚಕರು ವಾರವಾರವೂ ಬೀಜ, ಗೊಬ್ಬರ, ಬೆಳೆಯ ರೋಗ, ದನಗಳ ಜಡ್ಡು ಇವುಗಳ ವಿಷಯವನ್ನು ಓದುತ್ತಾರೆ. ಇಂಥ ಪುಟದಲ್ಲಿ ತಾಯಿಯ ವಿಷಯ ಬರೆಯಲು ಹೊರಟರೆ, 'ಇದು ಹೆಂಗಸರ ಪುಟಕ್ಕೆ ಸೇರತಕ್ಕದ್ದು' ಎಂದು ಕೆಲವರು ಅನ್ನಬಹುದು. ಆದರೆ ನಮಗೆ ಒಕ್ಕಲುತನ ಕಲಿಸಿದವಳು ನಮ್ಮ ತಾಯಿ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ನಾವು ರಜೆಯ ದಿನಗಳಲ್ಲಿ ಕುರ್ಪಿ ಹಿಡಿದು ಹೊಲಕ್ಕೆ ಇಳಿಯುತ್ತೇವೆ. ಅಲ್ಲಿ ನಮ್ಮ ಕೈಗೆ ತಿಳಿದಿರುವುದೆಲ್ಲ ಆಕೆಯಿಂದ ಬಂದದ್ದು. ಆದುದರಿಂದ ಆಕೆಯ ವಿಷಯ ಈ ಪುಟಕ್ಕೇ ಸಲ್ಲಬೇಕು.

ಇನ್ನೊಂದು ಕಾರಣವೂ ಉಂಟು. ಆಕೆಯ ವಿಷಯದಲ್ಲಿ ನಮ್ಮಿಂದ ಒಮ್ಮೆ ತಪ್ಪಾಯಿತು. ಅದೇ ತಪ್ಪು ಊರೂರಲ್ಲಿ ಆಗುತ್ತಿದೆಯಾದ್ದರಿಂದ ಹೇಳಿಕೊಳ್ಳುವುದು ಒಳಿತೆಂದು ತೋರುತ್ತದೆ.

ಗಣತಿಯ ದಿನ

ನಮ್ಮ ತವರು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವ ಭಾಗದ ಒಂದು ಸಣ್ಣ ಹಳ್ಳಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಕನ್ನಡ-ಮರಾಠಿ ಎರಡೂ, ಕಚೇರಿಯಲ್ಲಿ ಮರಾಠಿ. ಮಳೆ ಕಡಿಮೆ, ನೆಲ ಎರೆ. ಹಿಂಗಾರಿ ಜೋಳವೇ ಬದುಕು. ಆರು ಎಕರೆ ಎರೆ ಹೊಲ, ಎರಡು ಎಕರೆ ಮಡ್ಡಿ, ಒಂದು ಜೋಡಿ ಖಿಲಾರಿ ಎತ್ತು, ಎರಡು ಎಮ್ಮೆ, ನಾಲ್ಕು ಆಡು, ಇಷ್ಟು ನಮ್ಮ ತಂದೆಯ ಮನೆತನದ ಆಸ್ತಿ.

2011ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ದೇಶದ ಜನಗಣತಿ ನಡೆಯಿತು. ಶಿಕ್ಷಕರಿಗೆ ಗಣತಿಯ ಕೆಲಸ ಹೊಸದಲ್ಲ. ನಮ್ಮ ಪಾಲಿಗೆ ಬಂದ ಭಾಗದಲ್ಲಿ ನಮ್ಮ ತವರಿನ ಓಣಿಯೂ ಇತ್ತು. ಮನೆ ಮನೆಗೆ ಹೋಗಿ ಹೆಸರು, ವಯಸ್ಸು, ಮಾತೃಭಾಷೆ, ಓದು, ಉದ್ಯೋಗ ಕೇಳಿ ಬರೆದುಕೊಳ್ಳುತ್ತ ಒಂದು ಸಂಜೆ ತವರಿನ ಪಡಸಾಲೆಗೂ ಬಂದೆವು. ತಂದೆಯವರ ಹೆಸರಿನ ಮುಂದೆ ಒಕ್ಕಲುತನ ಎಂದು ತುಂಬಿದೆವು. ತಮ್ಮನ ಮುಂದೆಯೂ ಅದೇ. ತಾಯಿಯ ಸರದಿ ಬಂದಾಗ ಆಕೆಯನ್ನು ಕೇಳಲೂ ಇಲ್ಲ. 'ಮನೆಗೆಲಸ' ಎಂದು ತುಂಬಿ ಮುಂದಕ್ಕೆ ಹೋದೆವು.

ಅವ್ವ ಆಗತಾನೆ ಹೊಲದಿಂದ ಬಂದು, ತಲೆಯ ಮೇಲಿನ ಕಣಿಕೆಯ ಹೊರೆಯನ್ನು ಅಂಗಳದಲ್ಲಿ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಆಕೆಗೆ ಅಕ್ಷರ ಬಾರದು. ಆದರೂ ನಮ್ಮ ಕೈ ಕಾಗದದ ಮೇಲೆ ಓಡಿದ್ದನ್ನು ನೋಡಿದಳು.

"ನಂದೇನ ಬರದಿ, ಯವ್ವಾ?"

"ಮನಿಗೆಲಸ ಅಂತ ಬರದೀನವ್ವಾ."

ಆಕೆ ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ಬರಗಾಲದಾಗ ಖಡಿ ಒಡ್ಯಾಕ ಹೋದಾಗ ಸರಕಾರದವರು ನನ್ನ ಹೆಸರ ಪಟ್ಯಾಗ ಬರಕೊಂಡಿದ್ರು. ಕಲ್ಲ ಒಡದದ್ದು ಕೆಲಸಾತು. ಹೊಲದಾಗ ದುಡದದ್ದು ಕೆಲಸ ಅಲ್ಲೇನು?"

ಗಣತಿಗೆ ಮುಂಚಿನ ತರಬೇತಿಯಲ್ಲಿ ನಮಗೆ ಸ್ಪಷ್ಟವಾಗಿ ಹೇಳಿದ್ದರು: ಕೂಲಿ ಪಡೆಯದೆ ಸ್ವಂತ ಹೊಲದಲ್ಲಿ ದುಡಿಯುವುದೂ ಕೆಲಸವೇ, ಹೆಂಗಸರನ್ನು ಬಿಡಬೇಡಿರಿ, ಕೇಳಿ ಬರೆಯಿರಿ ಎಂದು. ಅದನ್ನು ಟಿಪ್ಪಣಿ ಮಾಡಿಕೊಂಡಿದ್ದೆವು ಕೂಡ. ಸ್ವಂತ ತಾಯಿಯ ಮುಂದೆ ಕುಳಿತಾಗ ಆ ಟಿಪ್ಪಣಿ ನೆನಪಿಗೆ ಬರಲಿಲ್ಲ. ಬೇರೆಯವರನ್ನು ದೂರಿ ಫಲವಿಲ್ಲ. ಬರೆದ ಕೈ ನಮ್ಮದೇ.

ಆ ಸಂಜೆಯೇ ತಿದ್ದಿದೆವು. ಮರುದಿನ ಅದಾಗಲೇ ಮುಗಿಸಿದ್ದ ಮನೆಗಳಿಗೆ ಮತ್ತೆ ಹೋಗಿ, "ಅಕ್ಕಾ, ವರ್ಷದಾಗ ಹೊಲದ ಕೆಲಸ ಏನೇನ ಮಾಡ್ತೀರಿ?" ಎಂದು ಹೆಂಗಸರನ್ನೇ ಕೇಳಿದೆವು. ಒಬ್ಬ ಹಿರಿಯರು ಕಟ್ಟೆಯ ಮೇಲೆ ಕುಳಿತು ನಕ್ಕರು: "ಏನ್ರೀ ಅಕ್ಕೋರ, ಹೆಂಗಸರ ಕೆಲಸ ಬರಕೊಳ್ಳಾಕ ಹೊತ್ತ ಸಾಲೂದಿಲ್ಲ ನೋಡ್ರಿ." ಅವರು ಅಂದದ್ದು ಚೇಷ್ಟೆಗೆ. ಮಾತು ಮಾತ್ರ ಖರೇ ಇತ್ತು. ಕೆಲವು ಮನೆಗಳಲ್ಲಿ ಕೇಳಿ ಮುಗಿಸಲು ನಿಜವಾಗಿಯೂ ಹೊತ್ತು ಸಾಲಲಿಲ್ಲ.

ಒಂದು ದಿನದ ಲೆಕ್ಕ

ಶಿಕ್ಷಕಿಯಾಗಲು ಎರಡು ವರ್ಷ ಡಿ.ಎಡ್. ಓದಿದಾಗ ನಮಗೆ ವೇಳಾಪತ್ರಕ ಹಾಕುವುದನ್ನು ಕಲಿಸಿದ್ದರು. ಯಾವ ವಿಷಯಕ್ಕೆ ಎಷ್ಟು ತಾಸು ಎಂದು ಗೆರೆ ಎಳೆದು ಬರೆಯುವುದು. ಗಣತಿಯ ನಂತರದ ಒಂದು ರವಿವಾರ ತವರಿನಲ್ಲೇ ಉಳಿದು, ಅವ್ವನಿಗೆ ಹೇಳದೆ, ಆಕೆಯ ಒಂದು ದಿನದ ವೇಳಾಪತ್ರಕ ಹಾಕಿದೆವು. ಆಗ ಜೋಳದ ಸುಗ್ಗಿ.

ನಾಲ್ಕೂವರೆಗೆ ಎದ್ದಳು. ಆರರ ತನಕ ದನದ ಕೆಲಸ: ಸೆಗಣಿ ತೆಗೆದು ತಿಪ್ಪೆಗೆ ಹಾಕುವುದು, ಗ್ವಾದಲಿ ಸ್ವಚ್ಛ ಮಾಡಿ ಮೇವು ಹಾಕುವುದು, ಎಮ್ಮೆ ಹಿಂಡುವುದು. ಆರರಿಂದ ಎಂಟು ಕಸ, ನೀರು, ಒಲೆ, ರೊಟ್ಟಿ. ಎಂಟರಿಂದ ಎಂಟೂವರೆ ತಾನು ಉಂಡು ಬುತ್ತಿ ಕಟ್ಟಿದಳು. ಎಂಟೂವರೆಯಿಂದ ಒಂದರ ತನಕ ಹೊಲದಲ್ಲಿ ತೆನೆ ಮುರಿದಳು. ಗಂಡಸರು ಮುಂದೆ ಜೋಳ ಕಿತ್ತು ಸಾಲಿಗೆ ಒಗೆಯುತ್ತ ಹೋದಂತೆ ಹೆಂಗಸರು ಹಿಂದೆ ಕುಳಿತು ತೆನೆ ಮುರಿಯುವುದು ನಮ್ಮ ಕಡೆಯ ಪದ್ಧತಿ. ಒಂದರಿಂದ ಎರಡು ಬೇವಿನ ನೆರಳಲ್ಲಿ ಊಟ, ವಿಶ್ರಾಂತಿ. ಎರಡರಿಂದ ಐದೂವರೆ ಮತ್ತೆ ತೆನೆ. ಐದೂವರೆಯಿಂದ ಏಳು ಮೇವಿನ ಹೊರೆ, ದನಗಳಿಗೆ ನೀರು, ಹಾಲು. ಏಳರಿಂದ ಒಂಬತ್ತು ಅಡಿಗೆ, ಎಲ್ಲರಿಗೂ ಬಡಿಸಿದ ಮೇಲೆ ತನ್ನ ಊಟ, ಭಾಂಡೆ ತಿಕ್ಕುವುದು. ಒಂಬತ್ತರಿಂದ ಹತ್ತು ದೀಪದ ಕೆಳಗೆ ಕೌದಿ ಹೊಲಿದಳು.

ಕೂಡಿಸಿ ನೋಡಿದೆವು. ಹೊಲ 8 ತಾಸು, ದನ 3 ತಾಸು, ಒಟ್ಟು ಒಕ್ಕಲುತನ 11 ತಾಸು. ಅಡಿಗೆ, ಕಸ, ನೀರು 4 ತಾಸು. ನಾವು ಬರೆದದ್ದಾದರೋ ಮನೆಗೆಲಸ!

ತಂದೆಯವರೂ ಅಂದು ಮುಂಜಾನೆಯಿಂದ ಸಂಜೆಯವರೆಗೆ ಜೋಳ ಕಿತ್ತರು. ಅದು ಬೆನ್ನು ಮುರಿಯುವ ಕೆಲಸ. ಅವರ ದುಡಿಮೆಯನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನಮಗಿಲ್ಲ. ಆದರೆ ಸಂಜೆ ಅವರು ಕೈಕಾಲು ತೊಳೆದು ಕಟ್ಟೆಗೆ ಕುಳಿತಾಗ ಅವರ ದಿನ ಮುಗಿದಿತ್ತು. ಅವ್ವನ ದಿನದಲ್ಲಿ ಇನ್ನೂ ನಾಲ್ಕು ತಾಸು ಉಳಿದಿತ್ತು. ಆ ಕಾಗದವನ್ನು ತಂದೆಯವರಿಗೆ ಓದಿ ಹೇಳಿದೆವು. ಅವರು ಏನೂ ಅನ್ನಲಿಲ್ಲ. ಮಾರನೆಯ ದಿನದಿಂದ ಸಂಜೆಯ ಮೇವಿನ ಹೊರೆಯನ್ನು ತಾವೇ ಹೊತ್ತು ತರತೊಡಗಿದರು. ಅವರು ಇರುವ ತನಕ ಆ ರೂಢಿ ತಪ್ಪಲಿಲ್ಲ.

ಬೀಜದ ಗಡಿಗೆ

ಈಗ ಅವ್ವನ ವಿದ್ಯೆಯ ವಿಷಯ. ಇದು ಎಲ್ಲ ಒಕ್ಕಲಿಗರಿಗೂ ಉಪಯೋಗವಾದೀತು.

ನಮ್ಮ ಭಾಗದ ಹಿಂಗಾರಿ ಜೋಳ ಮಾಲದಂಡಿ. ಇದೇ ಊರ ಜೋಳದಿಂದ ಒಳ್ಳೆಯ ತೆನೆಗಳನ್ನು ಆಯ್ದು ಆಯ್ದು, ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ 'ಮಾಲದಂಡಿ 35-1' ಎಂಬ ತಳಿಯನ್ನು ತೆಗೆದರು. ಅಂದಿನಿಂದ ಎಷ್ಟೋ ಹೊಸ ತಳಿಗಳು ಬಂದವು. ರೊಟ್ಟಿಯ ರುಚಿಗೂ ಕಣಿಕೆಯ ಗುಣಕ್ಕೂ ಜನ ಇಂದಿಗೂ ಮಾಲದಂಡಿಯನ್ನು ಬಿಟ್ಟಿಲ್ಲ. ನೆರೆಯ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಮೋಹೋಳದಲ್ಲಿ ಪಂಡಿತರು ಮಾಡಿದ ಆಯ್ಕೆಯ ಕೆಲಸವನ್ನೇ ನಮ್ಮ ತಾಯಿಯಂಥವರು ತಮ್ಮ ತಮ್ಮ ಹೊಲದಲ್ಲಿ ಪ್ರತಿವರ್ಷ ಮಾಡುತ್ತ ಬಂದಿದ್ದಾರೆ.

ಕಾಳು ಗಟ್ಟಿಯಾಗುವ ಹೊತ್ತಿಗೆ ಅವ್ವ ಒಬ್ಬಳೇ ಹೊಲ ತಿರುಗುತ್ತಾಳೆ. ಹರಕು ಸೀರೆಯ ಚಿಂದಿಗಳು ಉಡಿಯಲ್ಲಿ. ತುಂಬಿದ ತೆನೆ, ಮುತ್ತಿನಂಥ ಕಾಳು, ಗಟ್ಟಿ ದಂಟು ಇರುವ ಗಿಡ ಕಂಡರೆ ಚಿಂದಿ ಕಟ್ಟುತ್ತಾಳೆ. ಬದುವಿನ ಸಾಲಿನ ತೆನೆ ಎಷ್ಟು ದೊಡ್ಡದಿದ್ದರೂ ಮುಟ್ಟುವುದಿಲ್ಲ. ಕೇಳಿದರೆ, "ಬದುವಿನ ಜ್ವಾಳಕ್ಕ ಎರಡ ಮನಿ ಬುದ್ಧಿ ಇರತೈತಿ" ಎನ್ನುತ್ತಾಳೆ. ಮಾತು ಶಾಸ್ತ್ರಕ್ಕೆ ಸರಿಯಾಗಿದೆ. ಜೋಳ ಬಹುಮಟ್ಟಿಗೆ ತನ್ನ ಹೂವಿನ ಹುಡಿಯಿಂದಲೇ ಕಾಳುಗಟ್ಟುವ ಬೆಳೆ. ಆದರೂ ಗಾಳಿಗೆ ಪಕ್ಕದ ಹೊಲದ ಹುಡಿ ಅಷ್ಟಿಷ್ಟು ಬೆರೆಯುತ್ತದೆ. ಅಲ್ಲದೆ ಬದುವಿನ ಗಿಡಕ್ಕೆ ಬಿಸಿಲು, ಜಾಗ ಹೆಚ್ಚು ಸಿಗುವುದರಿಂದ ತೆನೆ ದೊಡ್ಡದಾಗಿರುತ್ತದೆ. ಆ ದೊಡ್ಡತನ ಜಾಗದ್ದು, ಬೀಜದ್ದಲ್ಲ. ಕಾಡಿಗೆ ಬಿದ್ದ ತೆನೆ ಕಂಡರೆ ಅದನ್ನು ಬಟ್ಟೆಯಲ್ಲಿ ಸುತ್ತಿ ಮುರಿದು ತಂದು ಸುಡುತ್ತಾಳೆ. ಅದರ ಸುತ್ತಲಿನ ಗಿಡಗಳಿಗೆ ಚಿಂದಿ ಕಟ್ಟುವುದಿಲ್ಲ.

ಚಿಂದಿ ಕಟ್ಟಿದ ತೆನೆಗಳನ್ನು ರಾಶಿಗೆ ಬೆರೆಸದೆ ಬೇರೆ ಒಣಗಿಸಿ, ಕೋಲಿನಿಂದ ಮೆಲ್ಲಗೆ ಬಡಿದು ಕಾಳು ಬಿಡಿಸಿ, ಮೊರದಲ್ಲಿ ಕೇರಿ ಜೊಳ್ಳು ತೆಗೆಯುತ್ತಾಳೆ. ಹಲ್ಲಿನಲ್ಲಿ ಒಂದು ಕಾಳು ಕಡಿದು ನೋಡುತ್ತಾಳೆ; 'ಕಟ್' ಎಂದರೆ ಒಣಗಿತು, ಮೆತ್ತಗೆ ಒಡೆದರೆ ಇನ್ನೊಂದು ಬಿಸಿಲು ಬೇಕು. ಆಮೇಲೆ ಜರಡಿ ಹಿಡಿದ ಒಲೆಯ ಬೂದಿ, ಒಣಗಿದ ಬೇವಿನ ಸೊಪ್ಪು ಬೆರೆಸಿ ಗಡಿಗೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಮಣ್ಣು-ಸೆಗಣಿಯಿಂದ ಮೆತ್ತಿ, ನೆಲದ ತಂಪು ತಾಗದಂತೆ ಹಲಗೆಯ ಮೇಲೆ ಇಡುತ್ತಾಳೆ.

ಇದಕ್ಕೆ ನಾವು ಸೇರಿಸಿದ್ದು ಎರಡೇ ಮಾತು. ಬಿತ್ತನೆಗೆ ಹದಿನೈದು ದಿನ ಮೊದಲು ನೂರು ಕಾಳು ಎಣಿಸಿ ಹಸಿಬಟ್ಟೆಯಲ್ಲಿ ಸುತ್ತಿಟ್ಟು, ಬಟ್ಟೆ ಆರದಂತೆ ನೋಡಿಕೊಂಡು, ಮೊಳೆತವನ್ನು ಎಣಿಸಬೇಕು. 75ಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ಬಿತ್ತನೆಗೆ ಬೇಡ. ಇನ್ನೊಂದು, ಕಾಡಿಗೆ ರೋಗ ಬಾರದಂತೆ ಒಂದು ಕಿಲೋ ಬೀಜಕ್ಕೆ 4 ಗ್ರಾಂ ಗಂಧಕದ ನುಣುಪು ಪುಡಿ ಹಚ್ಚಿ ಬಿತ್ತಬೇಕು. ಎಕರೆಗೆ 4 ಕಿಲೋ ಬೀಜ ಸಾಕು. ನೂರು ಕಾಳಿನ ಪರೀಕ್ಷೆಯನ್ನು ಮೊದಲ ಸಲ ಮಾಡಿ ತೋರಿಸಿದಾಗ ಅವ್ವ ಬಟ್ಟೆ ಬಿಚ್ಚಿ ತಾನೇ ಎಣಿಸಿದಳು. ತೊಂಬತ್ತು ದಾಟಿತ್ತು. "ನಿಮ್ಮ ಸಾಲ್ಯಾಗ ಇಷ್ಟ ಹುಡುಗರು ಪಾಸಾಗ್ತಾರೇನು?" ಎಂದು ಕೇಳಿದಳು. ನಾವು ಉತ್ತರ ಕೊಡಲಿಲ್ಲ.

ಬರಗಾಲದ ಪಾಠ

ಆ ಗಡಿಗೆಯ ಮೇಲೆ ಆಕೆಗೆ ಇಷ್ಟೊಂದು ಕಾಳಜಿ ಏಕೆಂಬುದಕ್ಕೆ 1972ರ ಬರವನ್ನು ನೆನೆಯಬೇಕು. ಅವ್ವ ಆಗತಾನೆ ಮದುವೆಯಾಗಿ ಬಂದ ಎಳೆಯ ಸೊಸೆ. ಮಳೆ ಕೈಕೊಟ್ಟಿತು, ಬಾವಿ ಬತ್ತಿದವು, ದನಗಳನ್ನು ಬಂದ ಬೆಲೆಗೆ ಮಾರಿದರು. ಸರಕಾರವು ರಸ್ತೆ, ಕೆರೆ, ಖಡಿ ಒಡೆಯುವ ಕೆಲಸಗಳನ್ನು ತೆರೆಯಿತು. 1973ರ ಬೇಸಿಗೆಯಲ್ಲಿ ಮಹಾರಾಷ್ಟ್ರದಲ್ಲಿ ಸುಮಾರು 50 ಲಕ್ಷ ಜನ ಇಂಥ ಕೆಲಸಗಳ ಮೇಲಿದ್ದರು. ಅವರಲ್ಲಿ ನಮ್ಮ ತಾಯಿಯೂ ಒಬ್ಬಳು. ಅಮೇರಿಕೆಯಿಂದ ಬಂದ 'ಮಿಲೋ' ಎಂಬ ಕೆಂಪು ಜೋಳದ ರೊಟ್ಟಿ, ಕೆಲಸದ ಸ್ಥಳದಲ್ಲಿ ಕೊಡುತ್ತಿದ್ದ ಸುಕಡಿ, ಇವುಗಳ ಮೇಲೆ ಆ ವರ್ಷ ಕಳೆಯಿತು. ಆ ಬರದ ಅನುಭವದಿಂದಲೇ ಮಹಾರಾಷ್ಟ್ರದ ಉದ್ಯೋಗ ಖಾತರಿ ಯೋಜನೆ ಗಟ್ಟಿಯಾಯಿತು. 1977ರಲ್ಲಿ ಅದು ಕಾಯಿದೆಯಾಗಿ 1979ರಿಂದ ಜಾರಿಗೆ ಬಂತು.

ಮನೆಯಲ್ಲಿ ಮಿಲೋ ರೊಟ್ಟಿ ತಿನ್ನಲಾರದೆ ಹುಡುಗರು ಅಳುತ್ತಿದ್ದ ದಿನಗಳಲ್ಲೂ ಅಟ್ಟದ ಮೂಲೆಯಲ್ಲಿ ಒಂದು ಗಡಿಗೆ ಬಿಳಿ ಜೋಳ ಇತ್ತಂತೆ. ನಮ್ಮ ಅಜ್ಜಿ ಅದನ್ನು ಮುಟ್ಟಗೊಡಲಿಲ್ಲ. "ಬಿತ್ತೂ ಬೀಜಕ್ಕ ಕೈ ಹಚ್ಚಿದರ ಬರೂ ವರ್ಷದ ಉಪವಾಸಕ್ಕ ಈಗ ವೀಳ್ಯೆ ಕೊಟ್ಟಂಗ" ಎಂದಳಂತೆ. ಒಂದು ರಾತ್ರಿ ಹಸಿವಿಗೆ ತಾಳದೆ ಅವ್ವ ಗಡಿಗೆಯ ಹತ್ತಿರ ಹೋಗಿ, ಮೆತ್ತಿದ ಮಣ್ಣಿನ ಮೇಲೆ ಕೈಯಿಟ್ಟು, ಹಾಗೆಯೇ ಹಿಂತಿರುಗಿದಳಂತೆ. ಇದನ್ನು ಆಕೆ ನಮಗೆ ಹೇಳಿದ್ದು ಒಂದೇ ಸಲ. 1973ರಲ್ಲಿ ಮಳೆಯಾಯಿತು. ಬೀಜ ತಿಂದ ಮನೆಗಳವರು ಸಾಲಕ್ಕೆ ಅಲೆಯುವಾಗ ನಮ್ಮ ಮನೆಯ ಕೂರಿಗೆ ಹದಕ್ಕೆ ಸರಿಯಾಗಿ ಹೊಲಕ್ಕೆ ಹೋಯಿತು. ಉಳಿದ ಬೀಜವನ್ನು ಅಜ್ಜಿ ಎರಡು ಮನೆಗಳಿಗೆ ಕೊಟ್ಟಳು.

ಅತ್ತೆಯಿಂದ ಸೊಸೆಗೆ ಬಂದ ಆ ಗಡಿಗೆಯ ವಿದ್ಯೆ ಯಾವ ಪುಸ್ತಕದಲ್ಲೂ ಇರಲಿಲ್ಲ. ಇಂಥದೇ ವಿದ್ಯೆಗಾಗಿ ಅಹಮದನಗರ ಜಿಲ್ಲೆಯ ರಾಹಿಬಾಯಿ ಪೋಪೆರೆ ಅವರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾದಾಗ, ಪತ್ರಿಕೆಯಲ್ಲಿದ್ದ ಅವರ ಚಿತ್ರವನ್ನು ಅವ್ವನಿಗೆ ತೋರಿಸಿದೆವು. ಅವ್ವ ಬಹಳ ಹೊತ್ತು ನೋಡಿ, "ಈಕೀ ಕೈ ನೋಡು, ನಮ್ಮಂಥಾವ ಅದಾವ" ಎಂದಳು.

ಎಮ್ಮೆ ಮಾರಿದ್ದು

ಅವ್ವನ ಲೆಕ್ಕ ಗೋಡೆಯ ಮೇಲೆ. ಹಾಲು ಹಾಕಿದ ದಿನಕ್ಕೊಂದು ಸುಣ್ಣದ ಗೆರೆ, ಹಾಕದ ದಿನಕ್ಕೆ ಒಂದು ಚುಕ್ಕಿ. ತಿಂಗಳ ಕೊನೆಗೆ ಡೇರಿಯವರ ಪುಸ್ತಕಕ್ಕೂ ಆಕೆಯ ಗೋಡೆಗೂ ಭೇದ ಬಂದರೆ, ತಪ್ಪು ಪುಸ್ತಕದಲ್ಲೇ ಇರುತ್ತಿತ್ತು. ನಾವು ಎಣಿಕೆ ಕಲಿತದ್ದು ಶಾಲೆಗೆ ಹೋಗುವ ಮೊದಲು, ರಾಶಿಯ ಪಕ್ಕದಲ್ಲಿ. ಜೋಳ ಅಳೆಯುವಾಗ ಮೊದಲ ಅಳತೆಗೆ 'ಒಂದು' ಎನ್ನದೆ 'ಲಾಭ' ಎನ್ನುವುದು ರೂಢಿ. ಆಮೇಲೆ ಎರಡು, ಮೂರು. ಒಂದನೆಯ ಇಯತ್ತೆಯಲ್ಲಿ ಗುರುಗಳು ಎಣಿಸಲು ಹೇಳಿದಾಗ ನಾವು 'ಲಾಭ, ಎರಡು, ಮೂರು' ಎಂದು ಆರಂಭಿಸಿ ಎಲ್ಲರನ್ನೂ ನಗಿಸಿದ್ದೆವು.

1998ರಲ್ಲಿ ಹನ್ನೆರಡನೆಯ ಇಯತ್ತೆ ಮುಗಿದು ಡಿ.ಎಡ್.ಗೆ ಜಾಗ ಸಿಕ್ಕಿತು. ಹಣವಿರಲಿಲ್ಲ. ಎರಡು ವರ್ಷ ಮಳೆ ಸರಿಯಿಲ್ಲದೆ ಸೊಸಾಯಟಿಯ ಸಾಲ ಉಳಿದಿತ್ತು. ತಂದೆಯವರು, "ಓದಿದ್ದು ಸಾಕು, ಒಳ್ಳೇ ಮನಿ ನೋಡೂಣು" ಎಂದರು. ಅದರಲ್ಲಿ ಕೆಡುಕಿರಲಿಲ್ಲ; ಆಗ ಎಲ್ಲರೂ ಅನ್ನುತ್ತಿದ್ದ ಮಾತು ಅದು. ಅವ್ವ ಎದುರು ವಾದಿಸಲಿಲ್ಲ. ಸಂತೆಯ ದಿನ ಎರಡರಲ್ಲಿ ಒಳ್ಳೆಯದಾದ ಪಂಢರಪುರಿ ಎಮ್ಮೆಯನ್ನು ಬಿಚ್ಚಿ ಹೊರಟಳು. ಹಾಲಿನ ಹಣವೇ ಮನೆಯ ಎಣ್ಣೆ, ಚಹಾ, ಸಾಬೂನು. ಎಮ್ಮೆ ಹೋದರೆ ಅದೂ ಹೋಯಿತು. ತಂದೆಯವರು ಬಾಗಿಲಲ್ಲಿ ನಿಂತು, "ಎಮ್ಮಿ ಮಾರಿದರ ಮತ್ತ ಬರೂದಿಲ್ಲ ನೋಡು" ಎಂದರು. "ವರ್ಷ ಹೋದರೂ ಬರೂದಿಲ್ಲ" ಎಂದು ಅವ್ವ ಹಗ್ಗ ಹಿಡಿದು ನಡೆದಳು.

ಆ ಎರಡು ವರ್ಷ ಮನೆಯಲ್ಲಿ ಚಹಾಕ್ಕೆ ಹಾಲಿರಲಿಲ್ಲವೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ, ತಮ್ಮನ ಬಾಯಿಂದ. ರಜೆಗೆ ಬಂದಾಗ ನಮಗೆ ಮಾತ್ರ ಹಾಲು ಹಾಕಿದ ಚಹಾ ಸಿಗುತ್ತಿತ್ತು. ಉಳಿದ ಎಮ್ಮೆಯ ಹಾಲೆಲ್ಲ ಡೇರಿಗೆ ಹೋಗುತ್ತಿದ್ದುದನ್ನು ನಾವು ಗಮನಿಸಿರಲೇ ಇಲ್ಲ. ಕೆಲಸಕ್ಕೆ ಸೇರಿದ ಮೇಲೆ ಮೊದಲು ಕೊಂಡದ್ದು ಒಂದು ಎಮ್ಮೆ. ಅವ್ವ ಅದರ ಕೊಂಬು ಸವರಿ, "ಅದರಷ್ಟ ಚಲೋ ಇಲ್ಲ" ಎಂದಳು. ಸಾಯಂಕಾಲ ಓಣಿಗೆಲ್ಲ ಹಾಲು ಹಾಕಿದ ಚಹಾ ಕುಡಿಸಿದಳು.

ಉತಾರೆಯಲ್ಲಿ ಹೆಸರು

ತಂದೆಯವರು 2014ರಲ್ಲಿ ತೀರಿಕೊಂಡರು. ನಲವತ್ತು ವರ್ಷ ದುಡಿದ ಹೊಲದ ಸಾತಬಾರಾ ಉತಾರೆಯಲ್ಲಿ ಅವ್ವನ ಹೆಸರು ಅಲ್ಲಿಯತನಕ ಇರಲಿಲ್ಲ. ಹೆಸರಿಲ್ಲದವರಿಗೆ ಬೆಳೆಸಾಲ ಇಲ್ಲ, ಬರ ಪರಿಹಾರವೂ ಇಲ್ಲ. ಕಾಗದದ ಮಟ್ಟಿಗೆ ಅವರು ರೈತರೇ ಅಲ್ಲ. 2015–16ರ ಕೃಷಿ ಗಣತಿಯ ಪ್ರಕಾರ ನಮ್ಮ ದೇಶದ ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ ಸುಮಾರು 14 ಮಾತ್ರ. ಹೊಲದಲ್ಲಿ ಬಗ್ಗಿ ನಿಂತವರನ್ನು ಎಣಿಸಿದರೆ ಈ ಲೆಕ್ಕ ಯಾರಾದರೂ ನಂಬುವರೇ?

ವಾರಸಾ ನೋಂದಣಿಗೆ ಹೋದಾಗ, ಹೆಣ್ಣುಮಕ್ಕಳು ಹಕ್ಕು ಬಿಟ್ಟ ಪತ್ರ ಬರೆದುಕೊಟ್ಟರೆ ಕೆಲಸ ಹಗುರಾಗುತ್ತದೆ ಎಂದು ಹತ್ತಿರದವರೇ ಒಬ್ಬರು ಸಲಹೆ ಕೊಟ್ಟರು. ನಾವೂ ಬರೆದುಕೊಡಲು ಸಿದ್ಧರಾಗಿದ್ದೆವು. ನೌಕರಿ ಇದೆ, ಗಂಡನ ಮನೆಯಲ್ಲಿ ನಾಲ್ಕು ಎಕರೆ ಇದೆ, ತಮ್ಮನ ಮನಸ್ಸು ಏಕೆ ನೋಯಿಸಬೇಕು ಎಂಬ ಯೋಚನೆ. ಅವ್ವ ಒಪ್ಪಲಿಲ್ಲ. "ನನ್ನ ಹೆಸರ ನಲವತ್ತ ವರ್ಷ ಇರಲಿಲ್ಲ. ನಿಂದು ಇವತ್ತ ಯಾಕ ತಗೀತಿ?" ಎಂದಳು. ತಮ್ಮ ಕೆಲವು ದಿನ ಮಾತು ಕಡಿಮೆ ಮಾಡಿದ. ಕೊನೆಗೆ ಅವ್ವನೇ ತೀರ್ಮಾನ ಮಾಡಿದಳು: ಕಾಗದದಲ್ಲಿ ಮೂವರ ಹೆಸರು; ಸಾಗುವಳಿ ತಮ್ಮನದು; ನಮಗೆ ಪ್ರತಿವರ್ಷ ಎರಡು ಚೀಲ ಜೋಳ, ಒಂದು ಗಡಿಗೆ ಬೀಜ. ಈ ಒಪ್ಪಂದ ಇಂದಿಗೂ ನಡೆದಿದೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಎಲ್ಲರೂ ಅದೇ ಹೊಲದಲ್ಲಿ ಸೇರುತ್ತೇವೆ. ತಮ್ಮನೇ ಮುಂಚಿತವಾಗಿ ಹೇಳಿ ಕಳಿಸುತ್ತಾನೆ.

ಹೆಸರು ಏರಿದ ಉತಾರೆಯನ್ನು ತಂದಾಗ ಅವ್ವ, "ನನ್ನ ಹೆಸರ ಯಾವುದು?" ಎಂದು ಕೇಳಿ, ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಅದು ಮರಾಠಿಯಲ್ಲಿತ್ತು. "ನಾ ಕನ್ನಡದಾಗ ಬರಿಯೂದ ಕಲೀತೀನಿ" ಎಂದಳು. ಆ ಬೇಸಿಗೆಯ ರಜೆಯಲ್ಲಿ, ಅರವತ್ತರ ಹತ್ತಿರದ ವಿದ್ಯಾರ್ಥಿನಿಗೆ ಅಂಗಳದ ಹುಡಿಯಲ್ಲಿ ಅಕ್ಷರ ತಿದ್ದಿಸಿದೆವು. ಕುರ್ಪಿ ಹಿಡಿದು ಗಟ್ಟಿಯಾದ ಬೆರಳಿಗೆ ಬಳಪ ಬಹಳ ಸಣ್ಣದಾಯಿತು, ಇದ್ದಿಲು ಕೊಟ್ಟೆವು. 2019ರಲ್ಲಿ ರೈತರಿಗೆ ವರ್ಷಕ್ಕೆ 6000 ರೂಪಾಯಿ ಕೊಡುವ ಕೇಂದ್ರ ಸರಕಾರದ ಯೋಜನೆ ಆರಂಭವಾದಾಗ, ಅರ್ಜಿಯ ಮೇಲೆ ಅವ್ವ ಕನ್ನಡದಲ್ಲಿ ಸಹಿ ಮಾಡಿದಳು. ಹೆಬ್ಬೆಟ್ಟಿನ ಮಸಿ ಡಬ್ಬಿ ಮುಂದಕ್ಕೆ ಸರಿಸಿದ್ದ ಗುಮಾಸ್ತರು ಅದನ್ನು ಹಿಂದಕ್ಕೆ ತೆಗೆದುಕೊಂಡರು. ಮೊದಲ ಕಂತಿನ ಹಣದಲ್ಲಿ ಒಂದಷ್ಟನ್ನು ಗುಡ್ಡಾಪುರದ ದಾನಮ್ಮ ದೇವಿಯ ದಾಸೋಹಕ್ಕೆ ಕೊಟ್ಟು, ಉಳಿದದ್ದರಲ್ಲಿ ಹೊಸ ಮೊರ, ಎರಡು ಕುರ್ಪಿ, ಎತ್ತಿಗೆ ಹಗ್ಗ ತಂದಳು. ತನಗೊಂದು ಸೀರೆ ತಂದುಕೊಳ್ಳಬಾರದಿತ್ತೇ ಎಂದು ಕೇಳಿದರೆ, "ರೈತಗ ಅಂತ ಕೊಟ್ಟದ್ದು" ಎಂದಳು.

ಮಾಡಬೇಕಾದದ್ದು

ವಾಚಕ ಬಂಧುಗಳೇ, ತಾಯಿಯನ್ನು ಹೊಗಳುವುದು ಸುಲಭ. ಹೊಗಳಿದ ಮೇಲೆ ಮೇವಿನ ಹೊರೆ ಮತ್ತೆ ಆಕೆಯ ತಲೆಯ ಮೇಲೆಯೇ ಏರಿದರೆ ಆ ಹೊಗಳಿಕೆಗೆ ಬೆಲೆಯೇನು? ಆದುದರಿಂದ ನಾಲ್ಕು ಮಾತು ಹೇಳಿ ಮುಗಿಸುತ್ತೇವೆ.

ಮೊದಲನೆಯದು, ಗಣತಿ. ಮುಂದಿನ ಜನಗಣತಿಗೆ 2027ರ ಮಾರ್ಚ್ 1ನೆಯ ದಿನಾಂಕವನ್ನು ಸರಕಾರ ಗೊತ್ತುಪಡಿಸಿದೆ. ಬರೆದುಕೊಳ್ಳುವವರು ಬಂದಾಗ ಹೊಲದಲ್ಲಿ ದುಡಿಯುವ ಹೆಂಗಸರು ತಮ್ಮ ಕೆಲಸವನ್ನು ತಾವೇ ಹೇಳಬೇಕು. ಮಾತೃಭಾಷೆ ಕನ್ನಡ ಎಂದು ಹೇಳಿ ಬರೆಸುವಷ್ಟೇ ಜಾಗ್ರತೆಯಿಂದ ಉದ್ಯೋಗ ಒಕ್ಕಲುತನ ಎಂದೂ ಬರೆಸಿರಿ.

ಎರಡನೆಯದು, ಉತಾರೆ. ಹಿಂದೂ ಮನೆತನಗಳ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಎಂಬ ಕಾಯಿದೆ ಮಹಾರಾಷ್ಟ್ರದಲ್ಲಿ 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ ಬಂದಿದೆ. ಗಂಡ ಇರುವಾಗಲೇ ಹೆಂಡತಿಯ ಹೆಸರನ್ನು ಹೊಲಕ್ಕೆ ಸೇರಿಸುವ 'ಲಕ್ಷ್ಮೀ ಮುಕ್ತಿ' ಎಂಬ ಚಳವಳಿಯನ್ನು ಶರದ್ ಜೋಶಿಯವರ ಶೇತಕರಿ ಸಂಘಟನೆ ಇದೇ ಮಹಾರಾಷ್ಟ್ರದಲ್ಲಿ ಹೂಡಿತ್ತು. ಗಂಡಸರು ಇದನ್ನು ತಾವಾಗಿಯೇ ಮಾಡಿದರೆ ಶೋಭೆ.

ಮೂರನೆಯದು, ಬೀಜ. ಅಂಗಡಿಯ ಚೀಲ ತರುವವರೂ ಒಂದು ಗಡಿಗೆ ಊರ ಬೀಜ ಉಳಿಸಿರಿ. ಆಯುವ ಕಣ್ಣು ಮನೆಯ ಹಿರಿಯ ಹೆಣ್ಣುಮಕ್ಕಳಲ್ಲಿದೆ. ಅವರು ಇರುವಾಗಲೇ ಹೊಲದಲ್ಲಿ ಅವರ ಹಿಂದೆ ನಡೆದು ಕಲಿಯಿರಿ.

ನಾಲ್ಕನೆಯದು, ವೇಳಾಪತ್ರಕ. ಒಂದು ದಿನ ನಿಮ್ಮ ಮನೆಯ ಹೆಣ್ಣುಮಗಳ ತಾಸುಗಳನ್ನು ಬರೆದು ಕೂಡಿಸಿ ನೋಡಿರಿ. ಶಾಲೆಗೆ ಹೋಗುವ ಮಕ್ಕಳ ಕೈಯಿಂದಲೇ ಬರೆಸಿದರೆ ಇನ್ನೂ ಒಳ್ಳೆಯದು. ನಮ್ಮ ತರಗತಿಯ ಮಕ್ಕಳು ಬರೆದು ತಂದ ಮೇಲೆ ಕೆಲವು ಹುಡುಗರು ಮನೆಯಲ್ಲಿ ತಾವೇ ನೀರು ತುಂಬತೊಡಗಿದ್ದನ್ನು ಕಂಡಿದ್ದೇವೆ.

ವಿಶ್ವಸಂಸ್ಥೆಯು 2026ನೆಯ ಇಸವಿಯನ್ನು ರೈತ ಮಹಿಳೆಯರ ಅಂತರರಾಷ್ಟ್ರೀಯ ವರ್ಷವೆಂದು ಸಾರಿತು. ಇದನ್ನು ಅವ್ವನಿಗೆ ಹೇಳಿದಾಗ, "ಒಂದ ವರ್ಷ ಸಾಕೇನು?" ಎಂದು ನಕ್ಕಳು. ಆಕೆಗೆ ಈಗ ಎಪ್ಪತ್ತರ ಸುಮಾರು. ಮೊಣಕಾಲು ನೋವು, ಹೊಲಕ್ಕೆ ಹೋಗುವುದು ಕಡಿಮೆ. ಆದರೆ ತೆನೆಗೆ ಚಿಂದಿ ಕಟ್ಟುವ ದಿನ ಮಾತ್ರ ಬಿಟ್ಟುಕೊಡುವುದಿಲ್ಲ. ಕಳೆದ ಸುಗ್ಗಿಯಲ್ಲಿ ಬದುವಿನ ಮೇಲೆ ಕುಳಿತು, ಚಿಂದಿಗಳನ್ನು ನಮ್ಮ ಮಗಳ ಉಡಿಗೆ ಹಾಕಿ, "ನೀ ಕಟ್ಟು, ನಾ ನೋಡ್ತೀನಿ" ಎಂದಳು. ಹುಡುಗಿ ಕಟ್ಟಿದ ತೆನೆಗಳಲ್ಲಿ ಎರಡನ್ನು ಮಾತ್ರ ಬಿಚ್ಚಿಸಿದಳು. ಅವು ಬದುವಿನ ಸಾಲಿನವು. 'ತಾಯಿಯಂತೆ ಮಗಳು, ನೂಲಿನಂತೆ ಸೀರೆ' ಎಂದು ಹಿರಿಯರು ಹೇಳುತ್ತಾರೆ. ನೂಲು ಎಷ್ಟು ಗಟ್ಟಿಯೆಂಬುದನ್ನು ನಾವು ಬಲ್ಲೆವು. ಸೀರೆಯಾಗುವ ಹೊಣೆ ನಮ್ಮದು.